ಅರವತ್ತೊಂದನೇ ಸಾಲಿನ ಅ

ಮಾರ್ಚ್ 5, ಬುಧವಾರ. ಸಂಜೆ

ಇವತ್ತು ಹನ್ನೊಂದು ಕಡೆ. ಐಸ್ ಫ್ಯಾಕ್ಟರಿ, ಲಾಂಡ್ರಿ, ಎರಡು ಬೇಕರಿ, ಪಂಪ್‌ಹೌಸ್... ಚಪ್ಪಲಿಯ ಉಂಗುಷ್ಟ ಕಿತ್ತುಬಂತು. ಐಸ್ ಫ್ಯಾಕ್ಟರಿಯ ಮೀಟರ್ ಇರುವುದು ಗೋಡೆಯ ತುದಿಯಲ್ಲಿ. ಏಣಿ ತರಿಸಿ, ಹತ್ತಿ, ನೋಡಿ ಬರೆದೆ. ಬೇಕರಿಯವರ ಕತೆ ಬೇರೆ. ಓವನ್ನಿಗೆ ಡೀಸೆಲ್ ಎಷ್ಟು ಹೋಗುತ್ತದೆ ಅಂತ ಕೇಳಿದರೆ ಸೂರು ನೋಡಿದರು.

‘ತಿಂಗಳಿಗೆ ಮುನ್ನೂರು ಲೀಟರ್ ಅಂತ ಹಾಕ್ಕೊಳಮ್ಮ. ಇಲ್ಲ ಇಲ್ಲ, ಮುನ್ನೂರೈವತ್ತು. ನಿಂಗೆ ಎಷ್ಟು ಬೇಕು ಹೇಳು.’

ನನಗೆಷ್ಟು ಬೇಕು! ನಾನೇನು ಬ್ರೆಡ್ ಕೊಳ್ಳಲು ಹೋಗಿದ್ದೆನೇ?

ಫಾರಂನಲ್ಲಿ ಅಂಕಿಯ ಪಕ್ಕ ಒಂದು ಪುಟ್ಟ ಚೌಕ. ‘ಮೂಲ’ ಅಂತ ಹೆಸರು. ಮೀಟರ್, ಬಿಲ್, ತಕ್ಕಡಿ, ಯಾವುದನ್ನಾದರೂ ಕಣ್ಣಾರೆ ನೋಡಿ ಬರೆದರೆ ಅಳತೆ. ಬಾಯಿಮಾತು ಕೇಳಿ ಬರೆದರೆ ಅಂದಾಜು. ಟ್ರೇನಿಂಗ್‌ನಲ್ಲಿ ನಮ್ಮ ಆಫೀಸಿನ ಮೇಡಂ ಹೇಳಿದ್ದರು: ‘ಚೌಕ ಚಿಕ್ಕದು, ಮೊದಲ ಅಕ್ಷರ ಸಾಕು.’ ಹಾಗೇ ಮಾಡುತ್ತಿದ್ದೇನೆ. ಬೇಗ ಬೇಗ ಆಗುತ್ತದೆ.

ಅಮ್ಮನಿಗೆ ನನ್ನ ಕೆಲಸ ಏನೆಂದು ಇನ್ನೂ ತಿಳಿದಿಲ್ಲ. ನಗರಸಭೆಯ ಮೂರನೇ ಮಹಡಿ, ಹವಾಮಾನ ಸೆಲ್, ನಮ್ಮ ಊರು ವರ್ಷಕ್ಕೆ ಎಷ್ಟು ಟನ್ ಅನಿಲ ಗಾಳಿಗೆ ಬಿಟ್ಟಿತು ಅಂತ ವರದಿ ಮಾಡುತ್ತಾರೆ, ಅದಕ್ಕೆ ಅಂಕಿ ತರುವವಳು ನಾನು ಅಂದೆ.

‘ಗಾಳೀನ ಟನ್ನಲ್ಲಿ ತೂಗ್ತಾರಾ?’

‘ಹೂಂ.’

‘ಎಲ್ಲಿ ಹಿಡ್ಕೊಂಡು?’

ಸ್ವಲ್ಪ ಹೊತ್ತು ನಾನೂ ಅದನ್ನೇ ಯೋಚಿಸಿದೆ.


ಮಾರ್ಚ್ 7, ಶುಕ್ರವಾರ. ಮಧ್ಯಾಹ್ನ

ಕಸದ ಗುಡ್ಡ. ಗೇಟಿನಲ್ಲೇ ತೂಕದ ಮನೆ. ಕಿಟಕಿಯೊಳಗೆ ಮಾವ, ಅಮ್ಮನ ಅಣ್ಣ. ಇಪ್ಪತ್ತೆರಡು ವರ್ಷದಿಂದ ಅದೇ ಕಿಟಕಿ, ಅದೇ ಕುರ್ಚಿ. ಒಳಗೆ ಬರುವ ಪ್ರತಿ ಲಾರಿಯ ತೂಕ ಅವರ ಕೈಯಲ್ಲಿ ರಿಜಿಸ್ಟರ್ ಸೇರಬೇಕು. ನನಗೆ ಈ ಕೆಲಸ ಕೊಡಿಸಿದ್ದೂ ಅವರೇ. ‘ನಮ್ಮ ಹುಡುಗಿ ಓದು ಬಿಟ್ಟಿದಾಳೆ, ಸುಳ್ಳು ಹೇಳೋದು ಕಲಿತಿಲ್ಲ’ ಅಂತ ಮೇಡಂ ಹತ್ತಿರ ಹೊಗಳಿದ್ದರಂತೆ. ಅದು ಹೊಗಳಿಕೆಯೋ ಏನೋ.

‘ಬಾರಮ್ಮ, ಏಳು ಪಾಯಿಂಟ್ ನಾಲ್ಕು!’

ಈ ಹೆಸರು ನನ್ನನ್ನು ಬಿಡುವುದಿಲ್ಲ. ಹನ್ನೊಂದನೇ ಕ್ಲಾಸಿನ ಲ್ಯಾಬ್. ಲೋಲಕ ತೂಗಿಸಿ ಭೂಮಿಯ ಸೆಳೆತ ಲೆಕ್ಕ ಹಾಕಬೇಕಿತ್ತು. ಎಲ್ಲರಿಗೂ 9.8 ಬಂತು, ನನಗೆ 7.4. ‘ತಿದ್ದು’ ಅಂದರು ಮೇಷ್ಟ್ರು. ಬಂದದ್ದು ಅಷ್ಟೇ ಸರ್ ಅಂದೆ. ರೆಕಾರ್ಡಿನ ಮೇಲೆ ಕೆಂಪು ಇಂಕಿನ ದೊಡ್ಡ ಸೊನ್ನೆ. ಮಾರನೆಯ ದಿನದಿಂದ ಹೋಗಲಿಲ್ಲ. ಅದೊಂದೇ ಕಾರಣ ಅಂದರೆ ಸುಳ್ಳಾಗುತ್ತದೆ. ಕೂತಲ್ಲಿ ಕೂರಲು ನನಗೆ ಬರುವುದಿಲ್ಲ.

ರಿಜಿಸ್ಟರಿನಿಂದ ಒಟ್ಟು ಇಳಿಸಿಕೊಂಡೆ. ಕಳೆದ ವರ್ಷ 58,340 ಟನ್ ಕಸ. ಅದರ ಹಿಂದಿನ ವರ್ಷಕ್ಕಿಂತ ಹದಿನೆಂಟು ಪರ್ಸೆಂಟ್ ಕಡಿಮೆ. ಮೇಡಂ ಕುಣಿದಾಡುತ್ತಾರೆ. ಕಸ ಕೊಳೆತರೆ ಮೀಥೇನ್ ಬರುತ್ತದೆ, ಒಂದು ಟನ್ ಮೀಥೇನನ್ನು ಇಪ್ಪತ್ತೆಂಟು ಟನ್ ಅಂತ ಬರೆಯಬೇಕು, ಹಾಗಾಗಿ ಇಡೀ ವರದಿಯಲ್ಲಿ ಇದೇ ಭಾರದ ಸಾಲು ಅಂದಿದ್ದರು. ಒಂದು ಹೇಗೆ ಇಪ್ಪತ್ತೆಂಟಾಗುತ್ತದೋ ತಲೆಗೆ ಹತ್ತಲಿಲ್ಲ. ಎರಡು ಸಲ ಕೇಳಿದೆ. ಮೂರನೇ ಸಲ ಕೇಳಲು ನಾಚಿಕೆಯಾಯಿತು.

ತೂಕದ ಡಿಸ್‌ಪ್ಲೇ ಮೇಲೆ ಮಾವ ಟವೆಲ್ ಒಣಹಾಕಿದ್ದರು.

ಸಾಲು 61. ಅ.


ಮಾರ್ಚ್ 26, ಬುಧವಾರ. ಮಧ್ಯಾಹ್ನ 3

ಎರಡೂವರೆ ವಾರ ಇದನ್ನು ಮುಟ್ಟಲಿಲ್ಲ. ದಿನಕ್ಕೆ ಹದಿನೈದು ಕಡೆ ಓಡಾಟ, ಮನೆಗೆ ಬಂದರೆ ದಿಂಬು. ಈಗ ತಲೆ ಚಚ್ಚಿಕೊಳ್ಳಬೇಕು ಅನಿಸುತ್ತಿದೆ.

ಬೆಳಗ್ಗೆ ಕನ್ನಡಕ ಕರೆದ. ಡೇಟಾ ಎಂಟ್ರಿಯವನು. ಕನ್ನಡಕ ಹಣೆಯ ಮೇಲಿಟ್ಟುಕೊಂಡು ಟೇಬಲ್ಲೆಲ್ಲ ಹುಡುಕುವವನು, ಅದಕ್ಕೇ ಆ ಹೆಸರು.

‘ಭೇಷ್ ಕಣಮ್ಮ! ಇನ್ನೂರ ಹನ್ನೆರಡು ಸಾಲು, ಎಲ್ಲಾ ಅಳತೆ. ಈ ಸೆಲ್ ಹುಟ್ಟಿದಾಗಿಂದ ಇಂಥ ಡೇಟಾ ನಾನು ನೋಡಿಲ್ಲ.’

‘ಎಲ್ಲಾ ಅಳತೆನಾ?’

‘ನೀನೇ ಬರೆದಿದೀಯಲ್ಲ. ಅ ಅ ಅ ಅ... ಪಾಪುಗಳ ಸ್ಲೇಟ್ ಥರ.’

ಅಳತೆಗೂ ಅ. ಅಂದಾಜಿಗೂ ಅ. ಇನ್ನೂರ ಹನ್ನೆರಡು ಸಲ ಬರೆದಿದ್ದೇನೆ, ಒಂದು ಸಲವೂ ಹೊಳೆಯಲಿಲ್ಲ! ಬರೆಯುವಾಗ ಯಾವ ಅ ಅಂತ ನನಗೆ ಗೊತ್ತೇ ಇರುತ್ತಿತ್ತು, ಅದಕ್ಕೆ.

ಮೇಡಂ ಹತ್ತಿರ ಓಡಿದೆ. ಹೇಳಿದೆ. ಮೊದಲು ನಕ್ಕರು. ಆಮೇಲೆ ನಗಲಿಲ್ಲ.

‘ಅಂದಾಜಿಗೆ ಮೊದಲ ಅಕ್ಷರ ಅಂ ಅಲ್ವೇನೇ?’

‘ಅ ಮೇಡಂ. ಸೊನ್ನೆ ಆಮೇಲೆ ಬರುತ್ತೆ.’

‘ಸೊನ್ನೆ ಸೇರಿನೇ ಅಕ್ಷರ!’

‘ನೀವು ಒಂದು ಅಂದ್ರಿ. ಸೊನ್ನೆ ಸೇರಿದ್ರೆ ಎರಡಾಗಲ್ವಾ?’

‘ವರ್ಣಮಾಲೇಲಿ ಅಂ ಬೇರೇನೇ ಇದೆ’ ಅಂತ ಕನ್ನಡಕ ಬಾಗಿಲಲ್ಲಿ. ‘ಔ ಆದ್ಮೇಲೆ.’

‘ನೀವು ಸುಮ್ನಿರಿ’ ಅಂದೆವು ನಾವಿಬ್ಬರೂ.

ಅರ್ಧ ಗಂಟೆ ಇದೇ ಆಯಿತು. ಯಾರದ್ದು ಸರಿ ಅಂತ ಈಗಲೂ ಗೊತ್ತಿಲ್ಲ. ಮೇಡಂ ಹೇಳಿದ್ದೂ ಸರಿ ಅನಿಸುತ್ತದೆ.

ಏಪ್ರಿಲ್ ಒಂಬತ್ತಕ್ಕೆ ಹೊರಗಿನಿಂದ ಪರಿಶೀಲನೆಗೆ ಬರುತ್ತಾರೆ. ಅಷ್ಟರೊಳಗೆ ಯಾವ ಅ ಯಾವುದು ಅಂತ ನಾನು ಹೇಳಬೇಕು. ಅಂದಾಜು ಅಂದರೆ ಪಕ್ಕದ ಚೌಕವನ್ನೂ ತುಂಬಬೇಕು: ಹೇಗೆ ಅಂದಾಜಿಸಿದಿರಿ.


ಮಾರ್ಚ್ 27, ಗುರುವಾರ

ಡೈರಿ ತೆಗೆದು ಕೂತೆ. ಐಸ್ ಫ್ಯಾಕ್ಟರಿ: ಏಣಿ. ಅಳತೆ. ಬೇಕರಿ: ಸೂರು. ಅಂದಾಜು. ಬರೆದಿಟ್ಟ ದಿನಗಳಿಗೆ ಸಾಕ್ಷಿಯಿದೆ. ಬರೆಯದ ಎರಡೂವರೆ ವಾರಕ್ಕೆ?

ಲಾಂಡ್ರಿಯ ಹೆಸರಷ್ಟೇ ಇದೆ, ವಿವರ ಇಲ್ಲ. ಮತ್ತೆ ಹೋದೆ. ‘ನೀನು ಬಿಲ್ ನೋಡಿದೆಯಲ್ಲ’ ಅಂದಳು ಮಾಲೀಕಳು. ‘ಇಲ್ಲ, ನಾವೇ ಬಾಯಲ್ಲಿ ಹೇಳಿದ್ವಿ’ ಅಂದ ಅವಳ ಗಂಡ. ಇಬ್ಬರೂ ಜಗಳಕ್ಕೆ ಬಿದ್ದರು. ನಾನು ಎದ್ದು ಬಂದೆ.

ಸಾಲು 61ಕ್ಕಂತೂ ಸಾಕ್ಷಿಯಿದೆ, ಟವೆಲ್. ಆವತ್ತು ಅದನ್ನು ಯಾಕೆ ಬರೆದೆ? ಅದರ ಕೆಳಗೆ ಏನೂ ಇಲ್ಲ ಅಂತ ಗೊತ್ತಿತ್ತೇ? ಗೊತ್ತಿದ್ದರೆ ಎತ್ತಿ ಯಾಕೆ ನೋಡಲಿಲ್ಲ? ಮಾವ ಅಂತಲೇ...


ಮಾರ್ಚ್ 29, ಶನಿವಾರ

ಟವೆಲ್ ಎತ್ತಿದೆ. ಡಿಸ್‌ಪ್ಲೇ ಕಪ್ಪಗಿತ್ತು.

‘ಜೂನ್‌ನಲ್ಲೇ ಸತ್ತೋಯ್ತು ಅದು’ ಅಂದರು ಮಾವ. ಬಚ್ಚಿಡಲಿಲ್ಲ. ‘ಮೂರು ಸಲ ಚೀಟಿ ಬರೆದೆ. ಸದ್ಯಕ್ಕೆ ನಡೆಸು ಅಂದ್ರು. ನಡೆಸ್ತಾ ಇದೀನಿ.’

‘ಹೇಗೆ?’

‘ನೋಡಿ. ಟೈರ್ ಎಷ್ಟು ಕೂತಿದೆ, ಸ್ಪ್ರಿಂಗ್ ಪ್ಲೇಟ್ ಎಷ್ಟು ಬಗ್ಗಿದೆ. ಇಪ್ಪತ್ತೆರಡು ವರ್ಷ ನೋಡಿದೀನಿ ಕಣೇ. ಬೇಕಾದ್ರೆ ಪರೀಕ್ಷೆ ಮಾಡು.’

ಮಾಡಿದೆ. ರಸ್ತೆಯಾಚೆ ಗುಜರಿಯವರ ತೂಕದ ಯಂತ್ರವಿದೆ. ಒಂದು ಲಾರಿ ಬಂತು. ಮಾವ ಹೊರಗೆ ಬಂದು, ಬಿಸಿಲಿನಲ್ಲಿ ನಿಂತು, ಒಂದು ಸುತ್ತು ಹಾಕಿ ‘ಹನ್ನೊಂದು’ ಅಂದರು. ಡ್ರೈವರ್ ಪಕ್ಕ ಹತ್ತಿ ಕೂತೆ. ಗುಜರಿಯವರ ಯಂತ್ರ ತೋರಿಸಿತು: 11.1.

ಕುಣಿಯುವಂತಾಯಿತು. ಇಷ್ಟು ಸರಿಯಿದ್ದ ಮೇಲೆ ಅಳತೆ ಅಂದರೆ ತಪ್ಪೇನು? ಹಾಗಂತ ಅವರು ಅಳೆದಿಲ್ಲ. ಆದರೆ ಸರಿಯಾಗಿದೆ. ಆದರೆ ಅಳೆದಿಲ್ಲ. ಹೀಗೇ ಯೋಚಿಸುತ್ತ ವಾಪಸ್ ಬಂದೆ.

‘ಏನೇ, ಈ ಕಣ್ಣಿಗೂ ಸರ್ಟಿಫಿಕೇಟ್ ಬೇಕಾ?’

ಎರಡನೇ ಲಾರಿ ಬಂದಾಗ ಅವರು ಕುರ್ಚಿಯಿಂದ ಏಳಲಿಲ್ಲ. ಕಿಟಕಿ ಅವರ ಬಲಕ್ಕಿದೆ. ‘ಎಂಟು.’ ಯಂತ್ರದಲ್ಲಿ 12.6. ಮೂರನೆಯದು, ‘ಒಂಬತ್ತು.’ ಯಂತ್ರದಲ್ಲಿ 12.

ಚೀಟಿ ಹಿಡಿದು ಬಂದೆ. ಮಾವನೇ ಕೇಳಿದರು: ‘ಅದ್ಯಾವ ಲಾರಿ ನಿಂತಿರೋದು, ಹಸಿರಾ?’

ಕಿಟಕಿಯ ಮುಂದೆ, ಒಂದು ಮಾರು ದೂರದಲ್ಲಿ, ಅಚ್ಚ ಹಳದಿ ಲಾರಿ.

ಅವರ ಬಲಕ್ಕೆ ಹೋಗಿ ನಿಂತು ಚೀಟಿ ಚಾಚಿದೆ. ತಿರುಗಲಿಲ್ಲ. ಎಡಕ್ಕೆ ಬಂದೆ. ತೆಗೆದುಕೊಂಡು ಮೂಗಿನ ಹತ್ತಿರ ಹಿಡಿದು ಓದಿದರು. 12.6. 12. ಮಡಿಸಿ ಜೇಬಿಗಿಟ್ಟರು.

‘ಪೊರೆ’ ಅಂದರು. ‘ಬಲಗಣ್ಣು.’

‘ಯಾವಾಗಿಂದ?’

‘ಅದಕ್ಕೆಲ್ಲ ರಿಜಿಸ್ಟರ್ ಇಟ್ಟಿಲ್ಲ.’

ಆಮೇಲೆ, ಮೆಲ್ಲಗೆ: ‘ಯಾರಿಗೂ ಹೇಳ್ಬೇಡ. ಕಣ್ಣು ಕಾಣದವನನ್ನ ತೂಕದ ಕುರ್ಚೀಲಿ ಯಾರು ಕೂರಿಸ್ತಾರೆ?’

ನಡೆದುಕೊಂಡೇ ಮನೆಗೆ ಬಂದೆ. ಊರಿನ ಕಸ ನಿಜವಾಗಿ ಕಡಿಮೆಯಾಗಿದೆಯೋ, ಮಾವನಿಗೆ ಕಾಣುವುದು ಕಡಿಮೆಯಾಗಿದೆಯೋ? ಹದಿನೆಂಟು ಪರ್ಸೆಂಟ್‌ನಲ್ಲಿ ಕಸ ಎಷ್ಟು, ಪೊರೆ ಎಷ್ಟು? ಗೊತ್ತಿಲ್ಲ. ಯಾರಿಗೂ ಗೊತ್ತಾಗುವುದೂ ಇಲ್ಲ, ಕೊಳೆತು ಹೋಯಿತಲ್ಲ.


ಏಪ್ರಿಲ್ 1, ಮಂಗಳವಾರ

ನಗರಸಭೆಯ ಮೆಟ್ಟಿಲ ಹತ್ತಿರ, ಊರಿನ ಕಸ ಇಷ್ಟು ಇಳಿಯಿತು ಅಂತ ಬೋರ್ಡ್ ಬರೆಸುತ್ತಿದ್ದಾರೆ. ‘18’ ಆಗಲೇ ಬರೆದಾಗಿದೆ, ನನ್ನಷ್ಟು ಎತ್ತರ, ಹಸಿರು ಬಣ್ಣ. ಪರ್ಸೆಂಟ್ ಇನ್ನೂ ಒಣಗಬೇಕು.

ಅಮ್ಮನಿಗೆ ಹೇಳಿಬಿಟ್ಟೆ. ಯಾರಿಗೂ ಹೇಳಬೇಡ ಅಂದಿದ್ದರು ಮಾವ, ಅಮ್ಮನೂ ಅದರಲ್ಲಿ ಸೇರಿದವರೋ ಏನೋ.

‘ಒಂದಕ್ಷರಕ್ಕೆ ನನ್ನ ಅಣ್ಣನ ಕುರ್ಚಿ ಎಳೀತೀಯಾ?’

‘ನಾನೆಲ್ಲಿ ಎಳೆದೆ?’

‘ನೀನು ಬರೆದಿದ್ದು ಅ. ಅದು ಸುಳ್ಳಾ?’

‘ಅಲ್ಲ.’

‘ಮತ್ತೆ ಅದನ್ನ ಇದ್ದಂಗೇ ಇರೋಕೆ ಬಿಡು. ಓದ್ಕೊಂಡೋರು ಹೆಂಗೆ ಬೇಕೋ ಹಂಗೆ ಓದ್ಕೊಳ್ಳಲಿ. ಮೇಷ್ಟ್ರ ಮುಂದೆ ಹಟ ಮಾಡಿ ಏನು ಸಿಕ್ತು? ಸೊನ್ನೆ.’

ಅಮ್ಮ ಹೇಳಿದ್ದರಲ್ಲಿ ತಪ್ಪು ಎಲ್ಲಿದೆ ಅಂತ ಹುಡುಕುತ್ತಿದ್ದೇನೆ. ಇದೆ. ಕೈಗೆ ಸಿಗುತ್ತಿಲ್ಲ.


ಏಪ್ರಿಲ್ 4, ಶುಕ್ರವಾರ

ಮಾವ ಮನೆಗೆ ಬಂದಿದ್ದರು. ನನ್ನ ಜೊತೆ ಮಾತಿಲ್ಲ. ಅಮ್ಮ ಬಾಯಿಬಿಟ್ಟಿರಬೇಕು. ಹೊರಡುವಾಗ ಹೊಸ್ತಿಲು ಎಡವಿದರು. ಹಿಡಿದುಕೊಳ್ಳಲು ಹೋದೆ. ಕೈ ಕೊಡವಿದರು.


ಏಪ್ರಿಲ್ 9, ಬುಧವಾರ. ಬೆಳಗ್ಗೆ 11.40

ಮೂರನೇ ಮಹಡಿಯ ಬೆಂಚು. ಡೈರಿ ತರಲು ಹೇಳಿದ್ದರು, ತಂದಿದ್ದೇನೆ.

ಪರಿಶೀಲನೆಗೆ ಬಂದಿರುವವರು ವಯಸ್ಸಾದ ಹೆಂಗಸು. ಕೈಯಲ್ಲಿ ಪೆನ್ಸಿಲ್ ಮಾತ್ರ. ನನ್ನ ಅ ಕತೆ ಕೇಳಿ ನಗಲಿಲ್ಲ, ಬಯ್ಯಲೂ ಇಲ್ಲ. ‘ಪ್ರತಿ ಸಾಲಿಗೂ ಪೂರ್ತಿ ಪದ ಬರಿ. ಗೊತ್ತಿಲ್ಲದಿದ್ರೆ ಗೊತ್ತಿಲ್ಲ ಅಂತ ಬರಿ. ಅದೂ ಉತ್ತರಾನೇ.’

ಸ್ಕೂಲಿನಲ್ಲಿ ಯಾರಾದರೂ ಹೀಗೆ ಹೇಳಿದ್ದರೆ!

ಬರೆದೆ. ಅಳತೆ 97. ಅಂದಾಜು 60. ಗೊತ್ತಿಲ್ಲ 54. ಮೇಡಂ ಬಂದು ಇಣುಕಿ ನೋಡಿ, ‘ಐವತ್ನಾಲ್ಕಾ!’ ಅಂತ ಹಣೆ ಒತ್ತಿಕೊಂಡು ಹೋದರು. ಒಂದು ಸಾಲು ಉಳಿದಿದೆ.

ಮಾವನನ್ನೂ ಕರೆಸಿದ್ದಾರೆ. ಇಸ್ತ್ರಿ ಶರ್ಟ್, ನೀರು ಹಚ್ಚಿ ಬಾಚಿದ ತಲೆ. ಬೆಂಚಿನ ಆ ತುದಿಗೆ ಕೂತರು. ನಾನು ಅವರ ಬಲಕ್ಕೆ. ಮೊದಲೇ ಕೂತಿದ್ದೆ, ಬೇಕಂತ ಕೂತದ್ದಲ್ಲ. ಮಾವ ಎದುರು ಗೋಡೆ ನೋಡುತ್ತಲೇ ಕೇಳಿದರು.

‘ಎಷ್ಟು ಉಳಿದಿದೆ?’

‘ಒಂದು.’

ಯಾವುದು ಅಂತ ಕೇಳಲಿಲ್ಲ.

ಆಮೇಲೆ ಅಂದರು, ಲಾರಿಯವರನ್ನು ಕೂಗುವಷ್ಟೇ ಜೋರಾಗಿ: ‘ಈ ಕಡೆ ಬಂದು ಕೂತ್ಕೊಳೇ. ಆ ಕಡೆ ಕೂತ್ರೆ ನಂಗೆ ಕಾಣಲ್ಲ.’

ಬಾಗಿಲು ತೆರೆದೇ ಇತ್ತು. ಒಳಗೆ ಪೆನ್ಸಿಲ್ಲಿನ ಸದ್ದು ನಿಂತಿತು. ಮರೆತು ಅಂದರೋ, ಬೇಕಂತಲೇ ಅಂದರೋ... ಮುಖ ನೋಡಿದೆ. ತಿಳಿಯಲಿಲ್ಲ.

ಎಡಕ್ಕೆ ಬಂದು ಕೂತೆ. ಫಾರಂ ಅವರತ್ತ ತಿರುಗಿಸಿ ಹಿಡಿದೆ. ಸಾಲು 61. ನನ್ನ ಹಳೆಯ ಅ. ಪಕ್ಕದಲ್ಲಿ ಸೊನ್ನೆ ಹಾಕಿದೆ. ದುಂಡಗೆ ಬರಲಿಲ್ಲ. ದಾಜು ಸೇರಿಸಿದೆ.

‘ಪಕ್ಕದ ಚೌಕದಲ್ಲಿ ಏನು ಕೇಳಿದಾರೆ? ಓದು.’

‘ಹೇಗೆ ಅಂದಾಜಿಸಿದಿರಿ.’

ಕೆಮ್ಮಿದರು. ಕಾಲರ್ ಸರಿಮಾಡಿಕೊಂಡರು. ‘ಹೇಳ್ತೀನಿ, ಬರ್ಕೋ. ನಾನು ಹೇಳಿದಂಗೇ ಬರ್ಕೋಬೇಕು, ತಿದ್ದಬಾರದು.’

ಚೌಕ ಚಿಕ್ಕದು. ಮೊದಲು ಇಲ್ಲಿ ಬರೆದುಕೊಂಡು ಆಮೇಲೆ ಅಲ್ಲಿಗೆ ಇಳಿಸುತ್ತೇನೆ:

ಜೂನ್‌ನಿಂದ ಸೆಪ್ಟೆಂಬರ್ ಮುಗಿಯೋವರೆಗೆ ಎರಡು ಕಣ್ಣಲ್ಲಿ ನೋಡಿ. ಅಕ್ಟೋಬರ್‌ನಿಂದ ಎಡಗಣ್ಣೊಂದರಲ್ಲೇ ನೋಡಿ.