ಮೂರನೆಯ ಮುಚ್ಚಳ

25 ಸೆಪ್ಟೆಂಬರ್ 2025, ಗುರುವಾರ. ಬೆಳಿಗ್ಗೆ 7

ಇದನ್ನು ಇಲ್ಲಿಯೂ ಬರೆಯದೆ ಬಿಡುವವಳಿದ್ದೆ. ಆಗಸ್ಟ್‌ನಲ್ಲಿ ಪುರಸಭೆಯ ಕಟ್ಟಡ ಪರವಾನಗಿ ಅರ್ಜಿಗೆ ಸಹಿ ಹಾಕುವಾಗ ಒಂದು ಸಾಲಿನ ಹತ್ತಿರ ಕೈ ನಿಂತಿತ್ತು. ‘ನೆಲದಡಿಯ ಟ್ಯಾಂಕ್‌ಗಳು: ಎರಡು.’ ಚಿಕ್ಕಂದಿನಲ್ಲಿ ಬಂಕಿನ ನೆಲದಲ್ಲಿ ಮೂರು ಮುಚ್ಚಳ ನೋಡಿದ ನೆನಪು. ಎಂಜಿನಿಯರ್ ಶೈಲೇಶ್ ಮುಂದಿನ ಹಾಳೆ ಮಗುಚಲು ಕಾಯುತ್ತಿದ್ದ. ಸಹಿ ಹಾಕಿದೆ.

ಟ್ಯಾಂಕಿಗೆ ಕೋಲು ಇಳಿಸಿ ಡಿಪ್ ನೋಡಿ ಬಂದೆ. ಇದ್ದ ಡೀಸೆಲ್ ಇನ್ನೂ ನಾಲ್ಕು ದಿನಕ್ಕೆ ಸಾಕು. ಮೊದಲೆಲ್ಲ ಒಂದೂವರೆ ದಿನಕ್ಕೂ ಬರುತ್ತಿರಲಿಲ್ಲ. ಫ್ಲೈಓವರ್ ಆದ ಮೇಲೆ ಲಾರಿಗಳು ತಲೆಯ ಮೇಲೇ ಹೋಗುತ್ತವೆ. ಡಿಸೆಂಬರಿಗೆ ಅಪ್ಪಯ್ಯನ ಪೆಟ್ರೋಲ್ ಬಂಕ್ ಮುಚ್ಚಿ, ಆ ಜಾಗದಲ್ಲಿ ಎರಡು ಮಹಡಿಯ ಕಟ್ಟಡ. ಕೆಳಗೆ ಬ್ಯಾಂಕ್ ಬರುತ್ತದೆ — ಜನವರಿಯೊಳಗೆ ಕೆಲಸ ಶುರುವಾದರೆ ಮಾತ್ರ. ಇಲ್ಲದಿದ್ದರೆ ತೆಕ್ಕಟ್ಟೆಯಲ್ಲಿ ಜಾಗ ನೋಡುತ್ತಾರಂತೆ.

1 ಅಕ್ಟೋಬರ್. ಆಯುಧಪೂಜೆ

ಬಂಕಿನ ಕೊನೆಯ ಪೂಜೆ. ಭೋಜಣ್ಣ — ಅಪ್ಪಯ್ಯನ ಕಾಲದಿಂದ ಇಲ್ಲೇ ಪೆಟ್ರೋಲ್ ಹಾಕುವವರು — ಪಂಪುಗಳಿಗೆ, ಎರಡು ಟ್ಯಾಂಕಿನ ಮುಚ್ಚಳಕ್ಕೆ, ಹವಾ ಮಿಷನ್ನಿಗೆ ಕುಂಕುಮ ಹಚ್ಚಿದರು. ಆಮೇಲೆ ತಟ್ಟೆ ಹಿಡಿದು ಹಿಂದಿನ ಗೋಡೆಯ ಮೂಲೆಗೆ ನಡೆದರು. ಬರಿಯ ಸಿಮೆಂಟ್ ನೆಲ. ಅಲ್ಲೂ ಒಂದು ಬೊಟ್ಟು.

“ಅಲ್ಲೆಂತಕ್ಕೆ ಭೋಜಣ್ಣ?”

“ಹಳಿ ಟ್ಯಾಂಕ್ ಅಲ್ದಾ ಅಮ್ಮ. ತೂತ್ ಬಿತ್ತ್ ಅಂದೇಳಿ ನಿಮ್ ಅಪ್ಪಯ್ಯ ಮುಚ್ಚ್‌ಸಿದ್ದ್. ತೊಂಬತ್ತೆಂಟ್ರಲ್ಲ್.”

“ಮುಚ್ಚಿದ್ದಕ್ಕೂ ಕುಂಕುಮವಾ?”

“ಸತ್ತವ್ರಿಗೂ ಎಡಿ ಇಡ್ತಿಲ್ಯಾ?” ನಕ್ಕರು.

ಪ್ರತಿ ವರ್ಷವೂ ಹಚ್ಚುತ್ತಿದ್ದರಂತೆ. ನಾನು ಅಲ್ಲಿಯವರೆಗೆ ಕಣ್ಣು ಹಾಯಿಸಿದವಳೇ ಅಲ್ಲ.

ತೂತು.

ಗೋಡೆಯಾಚೆ ಹದಿನೈದು ಅಡಿಗೆ ಪಕ್ಕದ ಮನೆಯ ಗುಣವತಿಯಕ್ಕನ ಬಾವಿ.

9 ಅಕ್ಟೋಬರ್. ಮಧ್ಯಾಹ್ನ

ಶೈಲೇಶ್ ಫೋನ್. “ಅಕ್ಕ, ಸ್ವೀಟ್ ತಗಣಿ! ಪುರಸಭೆಯಲ್ಲಿ ಪ್ಲಾನ್ ಪಾಸ್ ಆಯ್ತ್.”

ಮೂರನೆಯ ಟ್ಯಾಂಕಿನ ವಿಷಯ ಹೇಳಿದೆ.

“ಡ್ರಾಯಿಂಗಲ್ಲ್ ಇಲ್ದಿದ್ ಟ್ಯಾಂಕ್ ಭೂಮಿಯಲ್ಲೂ ಇಲ್ಲ ಅಕ್ಕ. ಆ ಮೂಲಿ ಪಾರ್ಕಿಂಗ್. ಮೇಲಿಂದ ಇಂಟರ್‌ಲಾಕ್ ಹಾಕ್ರೆ ಮುಗೀತ್. ಯಾರ್ ಅಗೀತ್ರ್?”

“ಬಾವಿ?”

“ಇಷ್ಟ್ ವರ್ಷ ಎಂತ ಆಯ್ತ್? ಈಗ ಬರ್ದ್ ಕೊಟ್ರೆ ಮಣ್ಣ್ ಟೆಸ್ಟ್, ನೀರ್ ಟೆಸ್ಟ್, ಮತ್ತೆ ಮೊದ್ಲಿಂದ. ಬ್ಯಾಂಕಿನವ್ರ್ ಕಾಯ್ತ್ರಾ?”

ತಪ್ಪು ಹೇಳುತ್ತಿದ್ದಾನೆ ಅನಿಸಲಿಲ್ಲ. ಅದೇ ಹೆದರಿಕೆ. ನನಗೆ ಬೇಕಾದದ್ದನ್ನೇ ಹೇಳುತ್ತಿದ್ದ.

19 ಅಕ್ಟೋಬರ್, ಭಾನುವಾರ. ನೀರು ತುಂಬುವ ಹಬ್ಬ

ಹತ್ತು ದಿನ ಏನೂ ಬರೆದಿಲ್ಲ. ಬರೆಯುವಂಥದ್ದು ಏನನ್ನೂ ಮಾಡಿಲ್ಲ.

ಸಂಜೆ ಧೈರ್ಯ ಮಾಡಿ ಗುಣವತಿಯಕ್ಕನ ಅಂಗಳಕ್ಕೆ ಹೋದೆ. ಬಾವಿಕಟ್ಟೆ ತೊಳೆದು ರಂಗೋಲಿ ಹಾಕಿದ್ದಾರೆ. ಗೊಂಡೆ ಹೂವಿನ ಮಾಲೆ. ಕಟ್ಟೆಯ ಕಲ್ಲಿಗೆ ಕುಂಕುಮದ ಬೊಟ್ಟು... ನಾಳೆಯ ಎಣ್ಣೆಸ್ನಾನಕ್ಕೆ ನೀರು ಸೇದಿ ಹಂಡೆ ತುಂಬುತ್ತಿದ್ದರು.

“ಬಾ ಹೆಣ್ಣೆ, ಚಾ ಕುಡಿ. ಬಾವಿ ನೀರಿಂದೇ. ನಳ್ಳಿ ನೀರಲ್ಲ್ ಚಾ ಮಾಡ್ರೆ ಔಷಧ ಕುಡ್ದಂಗ್ ಆತ್ತ್.”

“ಬಾವಿ ನೀರ್ ಒಳ್ಳೇದಿತ್ತಾ ಅಕ್ಕ?”

“ಮಳೆಗಾಲದಲ್ಲ್ ಒಂಚೂರ್ ವಾಸ್ನಿ. ಆಗ ನಳ್ಳಿ. ನಿನ್ ಅಪ್ಪಯ್ಯನೇ ಹಾಕ್ಸಿ ಕೊಟ್ಟದ್ದ್, ನಮ್ ಯತೀಶ ಹುಟ್ಟಿದ್ ವರ್ಷ. ಕೇಳದೇ ಕೊಟ್ಟ್ರ್. ದೇವ್ರಂಥ ಮನ್ಷ.”

ಅವರ ಮಗ ಯತೀಶನಿಗೆ ಈಗ ಇಪ್ಪತ್ತೇಳು. ಲೆಕ್ಕ ಹಾಕಬೇಕಾಗಿಯೇ ಇರಲಿಲ್ಲ: ತೊಂಬತ್ತೆಂಟು.

ಚಾ ಕುಡಿದೆ. ಚಾದ ರುಚಿಯಷ್ಟೇ. ಹೇಳಲಾಗಲಿಲ್ಲ. ಹಬ್ಬದ ದಿನ ಬೇಡ ಎಂದುಕೊಂಡೆ. ಹಬ್ಬ ಇಲ್ಲದಿದ್ದರೆ ಇನ್ನೊಂದು ನೆಪ ಹುಡುಕುತ್ತಿದ್ದೆನೇನೋ.

20 ಅಕ್ಟೋಬರ್. ಬೆಳಿಗ್ಗೆ 5:30

ಗೋಡೆಯಾಚೆ ಸ್ನಾನದ ಸದ್ದು. ಚೊಂಬಿನ ಸದ್ದು.

21 ಅಕ್ಟೋಬರ್, ಮಂಗಳವಾರ

ಹೇಳಿದೆ. ಬಾವಿಕಟ್ಟೆಯ ಹತ್ತಿರವೇ ನಿಂತು. ಟ್ಯಾಂಕ್, ತೂತು, ಅಪ್ಪಯ್ಯ ಮುಚ್ಚಿಸಿದ ವರ್ಷ.

ಗುಣವತಿಯಕ್ಕ ಕೇಳಿಸಿಕೊಂಡರು. “ಹಾಂಗಾರೆ ಆ ನಳ್ಳಿ...”

ಅಪ್ಪಯ್ಯನ ಪರವಾಗಿ ಏನಾದರೂ ಹೇಳಬೇಕಿತ್ತೋ? ಅವರು ಗೊತ್ತಿದ್ದೇ ನಳ್ಳಿ ಹಾಕಿಸಿದರು. ಬಾವಿ ಮುಟ್ಟಬೇಡಿ ಎಂಬ ಒಂದು ಮಾತು ಮಾತ್ರ ಹೇಳಲಿಲ್ಲ.

“ನಿಂಗೆ ಯಾವಾಗ್ ಗೊತ್ತಾಯ್ತ್?”

“ಆಯುಧಪೂಜೆ ದಿನ ಅಕ್ಕ.”

“ಮೊನ್ನೆ ಚಾ ಕುಡ್ದ್ ಹೋದ್ಯಲೆ. ಆಗ ಗೊತ್ತಿತ್ತಾ?”

“ಗೊತ್ತಿತ್ತ್.”

ಎದ್ದು ಹಗ್ಗದಿಂದ ಕೊಡಪಾನ ಬಿಚ್ಚಿದರು. ಕಟ್ಟೆಯ ಮೇಲೆ ಬೋರಲು ಹಾಕಿದರು.

ಮನೆಗೆ ಬಂದ ಮೇಲೆ ಹೊಳೆಯಿತು — ಆಯುಧಪೂಜೆ ಎಂದದ್ದೂ ಪೂರ್ತಿ ನಿಜವಲ್ಲ.

22 ಅಕ್ಟೋಬರ್. ಪಾಡ್ಯ. ಸಂಜೆ

ಪುರಸಭೆಯ ಮುಖ್ಯಾಧಿಕಾರಿಗೆ ಪತ್ರ. ಮೊದಲು ಇಂಗ್ಲಿಷಿನಲ್ಲಿ ಶುರುಮಾಡಿದೆ, ಅಭ್ಯಾಸ. ಶಾಲೆಯಲ್ಲಿ ಕಲಿತ ಸಾಲುಗಳೆಲ್ಲ ನಯವಾಗಿ ಬಂದವು. ಓದಿದರೆ ತಪ್ಪು ಯಾರದೆಂದೇ ತಿಳಿಯುವುದಿಲ್ಲ. ಹರಿದು ಕನ್ನಡದಲ್ಲಿ ಬರೆದೆ. ಟ್ಯಾಂಕ್‌ಗಳು ಎರಡಲ್ಲ, ಮೂರು. ಮೂರನೆಯದು ಸೋರಿದ್ದು. ಪಕ್ಕದ ಬಾವಿಯ ನೀರು ಪರೀಕ್ಷೆಯಾಗಬೇಕು. ಅಲ್ಲಿಯವರೆಗೆ ಅನುಮತಿ ತಡೆಹಿಡಿಯಿರಿ.

ಶೈಲೇಶ್‌ಗೆ ಪತ್ರದ ಫೋಟೋ ಕಳಿಸಿದೆ. “ಬ್ಯಾಂಕ್ ತೆಕ್ಕಟ್ಟೆಗೆ ಹೋಯ್ತ್ ಅಂದೇಳಿ ಲೆಕ್ಕ, ಅಕ್ಕ,” ಎಂದ. ಹೌದು ಎಂದೆ.

ಸಹಿಗೆ ಮೊದಲು ಒಂದು ಸಾಲು ಸೇರಿಸಿದೆ: ‘ಆಗಸ್ಟ್‌ನಲ್ಲಿ ಅರ್ಜಿಗೆ ಸಹಿ ಹಾಕುವಾಗಲೇ ನನಗೆ ಅನುಮಾನವಿತ್ತು.’ ಇದನ್ನು ಗುಣವತಿಯಕ್ಕನಿಗೆ ಮೊದಲು ಓದಿ ಹೇಳಬೇಕು. ಬಾಗಿಲು ತೆರೆದರೆ.

ಇವತ್ತು ಅಂಚೆ ಕಚೇರಿಗೆ ರಜೆ. ಕವರಿನ ಮೂಲೆಯಲ್ಲಿ ಪೆನ್ಸಿಲಿನಿಂದ ಬರೆದಿಟ್ಟಿದ್ದೇನೆ: ರಿಜಿಸ್ಟರ್ಡ್. ನಾಳೆ, 23, ಗುರುವಾರ ಕಳಿಸುವುದು.