ಪಂಡಿತರು ಅಪ್ಪನಿಗಾಗಿ ಅತ್ತದ್ದು

ಚಿಕ್ಕಮ್ಮನಿಗೆ ಜೆರುಸಲೇಮಿನಿಂದ ಮಜಲ್ ಮಾಡುವ ಶಾಲೋಮ್.

ನೀವು ಹೊಗಳಿ ಹೊಗಳಿ ನನ್ನನ್ನು ಕಳಿಸಿದ ಹೆಂಗಸರ ಪಾಠಶಾಲೆಯ ಪಂಡಿತ ಎಲ್ಯಾಕಿಮ್ ಇವತ್ತು ಒಬ್ಬ ಸೇನಾಪತಿಯ ಕಥೆ ಹೇಳಿದರು. ಯುದ್ಧ ಗೆದ್ದರೆ ಮನೆಯಿಂದ ಮೊದಲು ಎದುರು ಬಂದವರನ್ನು ಬಲಿ ಕೊಡುತ್ತೇನೆಂದು ಅವನ ಹರಕೆ. ಎದುರು ಬಂದವಳು ಒಬ್ಬಳೇ ಮಗಳು. ಧರ್ಮಗ್ರಂಥ ಅವಳಿಗೊಂದು ಹೆಸರನ್ನೂ ಕೊಟ್ಟಿಲ್ಲ. ನಮ್ಮ ಪಂಡಿತರೋ, ಒಂದು ಗಂಟೆ ಅಪ್ಪನ ಸಂಕಟಕ್ಕೇ ಕಣ್ಣೊರೆಸಿಕೊಂಡರು. ಅವಳ ವಿಧೇಯತೆಯನ್ನು ನಾವು ಕಲಿಯಬೇಕಂತೆ!

ನನ್ನ ಪಕ್ಕದಲ್ಲಿದ್ದ ಮೊರೊಕ್ಕೊದ ಫ್ರೆಹಾ ಅಜ್ಜಿ ಎದ್ದು ನಿಂತರು. “ಸಾಯೋಕೆ ಮುಂಚೆ ಅಳೋಕೆ ಅಂತ ಅಪ್ಪನ ಹತ್ರ ಎರಡು ತಿಂಗಳು ಕೇಳ್ಕೊಂಡು ಆ ಹುಡುಗಿ ಬೆಟ್ಟಕ್ಕೆ ಹೋದ್ಲಲ್ಲ ಸ್ವಾಮಿ, ಅಷ್ಟು ದಿನ ನಿಮ್ಮಂಥ ಪಂಡಿತರು ಏನ್ ಮಾಡ್ತಿದ್ರು? ಹರಕೆ ಬಿಡಿಸೋ ಅಧಿಕಾರ ಪಂಡಿತರಿಗೆ ಇತ್ತಲ್ಲ, ಒಬ್ಬನಿಗೂ ಪುರುಸೊತ್ತಿರ್ಲಿಲ್ವಾ?”

“ಕೂತ್ಕೊಳ್ಳಮ್ಮ, ಇದೆಲ್ಲ ಹೆಂಗಸರಿಗೆ ಅರ್ಥ ಆಗಲ್ಲ.”

ಹೆಂಗಸರ ಪಾಠಶಾಲೆಯಲ್ಲಿ ನಿಂತು ಆಡಿದ ಮಾತು ಇದು! ಅಜ್ಜಿ ಕೂರಲಿಲ್ಲ, ಕೈಚೀಲ ಎತ್ತಿಕೊಂಡು ಹೊರಟೇಬಿಟ್ಟರು. ಅವರ ಹಿಂದೆ ನಾವು ಹದಿನೇಳು ಜನವೂ ಎದ್ದು ಬಂದೆವು.

ನನ್ನ ಕೆಮ್ಮು ವಾಸಿಯಾಗಿದೆ, ಚಿಂತೆ ಬೇಡ. ಕಾಗದವನ್ನು ಇನ್ನು ಫ್ರೆಹಾ ಅಜ್ಜಿಯ ಮನೆಗೆ ಹಾಕಿ. ಅವರ ಅಡುಗೆಮನೆಯಲ್ಲಿ ಅದೇ ಗ್ರಂಥವನ್ನು ಮೊದಲಿಂದ ಓದಲು ಕೂತಿದ್ದೇವೆ. ಪಂಡಿತರನ್ನು ಕರೆದಿಲ್ಲ.

ಮಜಲ್