ಅಳಿಯಂದಿರಿಗೊಂದು ಗಾಳದ ಕೋಲು

ಮನೆಯಿಂದ
ಹದಿನಾಲ್ಕನೇ ತಾರೀಖು, ಭಾನುವಾರ ಮಧ್ಯಾಹ್ನ

ಪ್ರೀತಿಯ ಅಳಿಯಂದಿರಿಗೆ ಅತ್ತೆಯ ಆಶೀರ್ವಾದಗಳು.

ನಿಮ್ಮ ಕತ್ತುನೋವು ಹೇಗಿದೆ? ದಿನವಿಡೀ ಬಗ್ಗಿ ಕೂತು ಗಡಿಯಾರ ರಿಪೇರಿ ಮಾಡುವವರು ಆಗಾಗ ಎದ್ದು ಓಡಾಡಬೇಕು, ಕೇಳಿ. ಮಗಳ ಕೆಮ್ಮು ನಿಂತಿತೇ? ಅವಳನ್ನು ಕೇಳಿದರೆ ‘ಏನಿಲ್ಲಮ್ಮ, ಚೆನ್ನಾಗಿದೀನಿ’ ಅನ್ನುತ್ತಾಳೆ. ಚಿಕ್ಕಂದಿನಲ್ಲಿ ಹಲ್ಲುನೋವಿಗೆ ಕೆನ್ನೆ ಊದಿಕೊಂಡಾಗಲೂ ಅದೇ ಮಾತು. ಅದಕ್ಕೇ ನಿಮ್ಮನ್ನು ಕೇಳುತ್ತಿದ್ದೇನೆ. ಇಲ್ಲಿ ನಾವಿಬ್ಬರೂ ಆರಾಮ. ಫೋನು ಮಾಡಿದರೆ ಪಕ್ಕದ ಕೋಣೆಯಲ್ಲಿ ನಿಮ್ಮ ಮಾವನ ಕಿವಿ ನೆಟ್ಟಗಾಗುತ್ತದೆ, ಹಾಗಾಗಿ ಕಾಗದ ಬರೆಯಲು ಕೂತೆ.

ಮುಂದಿನ ತಿಂಗಳು ಮಾವನ ಜೊತೆ ಮೂರು ದಿನ ದ್ವೀಪಕ್ಕೆ ಹೋಗಿ ಮೀನು ಹಿಡಿಯಲು ಯಾವ ಗಾಳ ಕೊಳ್ಳಲಿ ಎಂದು ಕೇಳಿದ್ದೀರಿ. ಮದುವೆಯಾಗಿ ಎರಡು ವರ್ಷವಾಯಿತು, ತನ್ನನ್ನು ಕೇಳದೆ ಮಗಳು ನಿಶ್ಚಯ ಮಾಡಿಕೊಂಡಳೆಂಬ ಸಿಟ್ಟಿಗೆ ಈ ಮನುಷ್ಯ ನಿಮ್ಮ ಹತ್ತಿರ ಒಂದು ಮಾತೂ ಆಡಿಲ್ಲ. ಮೊನ್ನೆ ಊಟಕ್ಕೆ ಕೂತವರು ತಟ್ಟೆಯಿಂದ ತಲೆ ಎತ್ತದೆ, ‘ಜೊತೆಗೆ ಬರೋನಿಗೆ ಮಂಡಿನೋವಂತೆ. ಟಿಕೆಟ್ಟು ಸುಮ್ನೆ ಹಾಳಾಗುತ್ತೆ. ಬೇಕಾದ್ರೆ ಆ ಗಡಿಯಾರದವನು ಬರ್ಲಿ’ ಅಂದರು. ಟಿಕೆಟ್ಟು ಹಾಳಾಗುತ್ತದಂತೆ! ನಾನು ಹೂಂ ಅಂದು ಅಡುಗೆಮನೆಗೆ ಹೋಗಿ, ನಲ್ಲಿ ತಿರುಗಿಸಿಕೊಂಡು ಅತ್ತುಬಿಟ್ಟೆ. ಈ ಮೂರು ದಿನ ಕೆಟ್ಟರೆ ಇನ್ನು ಅವರು ಬಾಯಿ ಬಿಡುವುದಿಲ್ಲ, ಮಗಳು ಈ ಮನೆಯ ಹೊಸ್ತಿಲು ತುಳಿಯುವುದಿಲ್ಲ. ನನಗೆ ಭಯವಿದೆ, ಮುಚ್ಚಿಡುವುದೇಕೆ?

ಅವರು ಜೀವನವೆಲ್ಲ ತಕ್ಕಡಿ ರಿಪೇರಿ ಮಾಡಿದವರು, ಮನುಷ್ಯರನ್ನೂ ತೂಗಿಯೇ ನೋಡುತ್ತಾರೆ. ದುಬಾರಿ ಕೋಲು ತಂದರೆ ಜಂಬ ಅನ್ನುತ್ತಾರೆ, ಆಟಿಕೆಯಂಥದ್ದು ತಂದರೆ ಅಸಡ್ಡೆ ಅನ್ನುತ್ತಾರೆ. ನಾನೂ ಹನ್ನೊಂದು ವರ್ಷ ಗಾಳದ ಅಂಗಡಿಯ ಗಲ್ಲಾಪೆಟ್ಟಿಗೆಯ ಮುಂದೆ ಕೂತವಳು, ಆದ್ದರಿಂದ ನನ್ನ ಮಾತು ಕೇಳಿ. ಅಂಗಡಿಯವನು ಬಂಡೆಗೊಂದು, ಮರಳಿಗೊಂದು, ದೋಣಿಗೊಂದು ಕೋಲು ಬೇಕೇ ಬೇಕು ಅನ್ನುತ್ತಾನೆ. ಟೋಪಿ ಹಾಕಿಸಿಕೊಳ್ಳಬೇಡಿ. ಒಂಬತ್ತು ಅಡಿಯದು, ತೀರಾ ಬಿರುಸೂ ಅಲ್ಲದ ತೀರಾ ಬಳುಕೂ ಅಲ್ಲದ ಒಂದೇ ಕೋಲು ಮೂರು ಕಡೆಗೂ ಆಗುತ್ತದೆ. ನಾಲ್ಕು ತುಂಡಾಗಿ ಬಿಚ್ಚುವಂಥದ್ದಾದರೆ ಬಟ್ಟೆಯ ಚೀಲದೊಳಗೇ ಹಿಡಿಸುತ್ತದೆ. ಒಂದರೊಳಗೊಂದು ಜಾರಿ ಸೇರಿಕೊಳ್ಳುವ ಕೋಲು ಇನ್ನೂ ಅಗ್ಗ, ಆದರೆ ಒಳಗೆ ಮರಳು ಹೊಕ್ಕರೆ ನಿಮ್ಮ ಮಾವನ ಹಾಗೆ, ಎಷ್ಟು ಎಳೆದರೂ ಹೊರಗೆ ಬರುವುದಿಲ್ಲ. ದಾರ ಹಾಯುವ ಉಂಗುರಗಳಲ್ಲಿ ಒಂದು ಚೂರು ಹತ್ತಿ ಎಳೆದು ನೋಡಿ. ಎಳೆ ಸಿಕ್ಕಿಕೊಂಡರೆ ಆ ಕೋಲು ಬೇಡ, ದಾರವೂ ಅಲ್ಲೇ ಹರಿಯುತ್ತದೆ.

ಕೋಲಿನಲ್ಲಿ ಉಳಿಸಿದ ದುಡ್ಡನ್ನು ದಾರ ಸುತ್ತುವ ರೀಲಿಗೆ ಹಾಕಿ, ಉಪ್ಪುನೀರು ಮೊದಲು ತಿನ್ನುವುದು ಅದನ್ನೇ. ಮಧ್ಯಮ ಗಾತ್ರದ್ದು ಸಾಕು. ಸಂಜೆ ಸಿಹಿನೀರಲ್ಲಿ ತೊಳೆದು ಒರೆಸಿಡಿ, ಅದೂ ಅವರ ಕಣ್ಣಿಗೆ ಬೀಳುವ ಹಾಗೆ! ಎರಡು ಅಳತೆಯ ಕೊಕ್ಕೆ, ನಾಲ್ಕಾರು ಸೀಸದ ಗುಂಡು, ಮೀನಿಗೆ ಆಸೆ ತೋರಿಸಲು ಹೊಳೆಯುವ ತಗಡಿನ ಮೀನು ಎರಡು. ಇಷ್ಟೂ ಒಂದು ಊಟದ ಡಬ್ಬಿಯಲ್ಲಿ ಹಿಡಿಸಬೇಕು, ಹಿಡಿಸದಷ್ಟು ಕೊಂಡರೆ ಹೊರೆ. ದಾರ ಗೋಜಲಾದರೆ ಕತ್ತರಿ ತೆಗೆಯಬೇಡಿ, ಕೂತು ಬಿಡಿಸಿ. ಗಡಿಯಾರದ ಮುಳ್ಳು ಕೂರಿಸುವ ಕೈಗೆ ಅದೇನು ಮಹಾ? ಅವರು ಮಾತಾಡದಿದ್ದರೆ ಮನಸ್ಸಿಗೆ ಹಚ್ಚಿಕೊಳ್ಳಬೇಡಿ. ಸಮುದ್ರದ ಮುಂದೆ ಅವರು ಯಾರ ಹತ್ತಿರವೂ ಮಾತಾಡುವುದಿಲ್ಲ. ನಾನೇ ಎಷ್ಟೋ ವರ್ಷ ಅದನ್ನು ಕೋಪ ಅಂದುಕೊಂಡಿದ್ದೆ.

ಮಗಳಿಗೆ ಬಿಸಿನೀರು ಕುಡಿಯಲು ಹೇಳಿ, ನನ್ನ ಹೆಸರು ಹೇಳಿಯೇ ಗದರಿಸಿ. ನಿಮ್ಮಿಬ್ಬರ ಹೊಟ್ಟೆ ತಣ್ಣಗಿರಲಿ, ಮನೆ ತುಂಬ ನಗು ಇರಲಿ.

ಇಂತಿ,
ನಿಮ್ಮ ಅತ್ತೆ

ತಡೆಯಿರಿ, ಇನ್ನೊಂದು ಮಾತು. ಲಕೋಟೆಗೆ ಗೋಂದು ಹುಡುಕುತ್ತ ಅವರ ಸಾಮಾನಿನ ಬೀರು ತೆಗೆದೆ. ಹಳೆಯ ತೂಕದ ಕಲ್ಲುಗಳ ಹಿಂದೆ ಹೊಸ ಕೋಲು, ಹೊಸ ರೀಲು! ಬೆಲೆಯ ಚೀಟಿ ಬೇರೆ ಯಾವುದೋ ಅಂಗಡಿಯದು. ನಾನು ಕೂತಿದ್ದ ಅಂಗಡಿಯಲ್ಲಿ ಕೊಂಡರೆ ನನ್ನ ಕಿವಿಗೆ ಬೀಳುತ್ತಲ್ಲ, ಅದಕ್ಕೆ. ತನಗೇ ಕೊಂಡಿರಬೇಕು ಅಂದುಕೊಂಡೆ. ನೋಡಿದರೆ ರೀಲಿನ ಹಿಡಿಯನ್ನು ಬಿಚ್ಚಿ ಬಲಗಡೆಗೆ ಹಾಕಿದ್ದಾರೆ, ಎಡಗೈಯಲ್ಲಿ ಕೋಲು ಹಿಡಿಯುವವರಿಗೆ ಬೇಕಾಗುವ ಹಾಗೆ. ಈ ಮನೆಯಲ್ಲಿ ಅಂಥವರು ಯಾರೂ ಇಲ್ಲ. ಅವರು ನಿಮ್ಮನ್ನು ನೋಡಿದ್ದೇ ಒಂದು ಸಲ, ಮದುವೆಯ ರಿಜಿಸ್ಟರಿಗೆ ನೀವು ಸಹಿ ಹಾಕುವಾಗ. ಬಾಗಿಲಲ್ಲಿ ಎರಡು ನಿಮಿಷ ನಿಂತು, ಒಳಗೆ ಬಾರದೆ ಹೊರಟುಹೋದರು. ಪೆನ್ನು ಯಾವ ಕೈಯಲ್ಲಿತ್ತೆಂದು ನೋಡಿಕೊಂಡು ಹೋಗಿದ್ದಾರೆ. ಮೇಲೆ ಬರೆದದ್ದೆಲ್ಲ ಬಿಟ್ಟುಬಿಡಿ. ಏನೂ ಕೊಳ್ಳಬೇಡಿ ಅಳಿಯಂದಿರೇ, ಬರಿಗೈಯಲ್ಲಿ ಬನ್ನಿ.